ನಾ ಬಿಡ್ರಿ ಅಂದ್ರ ಬಿಡಬ್ಯಾಡ್ರಿ

ಮೊದಲ ಸಲ ನಾನು ಹಗ್ಗದಿಂದ ಬಿದ್ದದ್ದು ಕೈ ಜಾರಿ ಅಲ್ಲ, ಸಂತೋಷ ಹೆಚ್ಚಾಗಿ.

ಗಬ್ಬೂರ ಬೈಪಾಸಿನ ಹತ್ತಿರ ಶಾಬುದ್ದೀನ ಕಾಕಾನ ಲಾರಿ ಗ್ಯಾರೇಜು ಇದೆ. ಶೆಡ್ಡಿನ ಮೇಲ್ಗಡೆ ಎಂಜಿನ್ ಎತ್ತಲು ಹಾಕಿದ ದಪ್ಪ ಕಬ್ಬಿಣದ ತೊಲೆ. ಕಾಕಾನ ಮಗಳು ಫಿರದೋಸ ಅದರಿಂದ ಎರಡು ಹಗ್ಗ ಇಳಿಬಿಟ್ಟಿದ್ದಳು. ಒಂದು ಹತ್ತುವ ಹಗ್ಗ. ಇನ್ನೊಂದು ಕಾಯುವ ಹಗ್ಗ. ಅದರ ಒಂದು ತುದಿ ನನ್ನ ಸೊಂಟಕ್ಕೆ, ತೊಲೆಯ ಮೇಲಿಂದ ಹಾಯ್ದ ಇನ್ನೊಂದು ತುದಿ ಕೆಳಗೆ ನಿಂತ ಹಫೀಜನ ಕೈಗೆ. ಏದುಸಿರು ಬಿಡುತ್ತ, ದೇವರನ್ನೂ ಗಂಡನನ್ನೂ ಒಟ್ಟಿಗೆ ಬೈಯುತ್ತ ನಾನು ಕೊನೆಗೂ ತೊಲೆ ಮುಟ್ಟಿದೆ. ಇಳಿಯುವುದಕ್ಕೆಂದು ಹತ್ತುವ ಹಗ್ಗವನ್ನು ಕಚ್ಚಿ ಹಿಡಿದಿದ್ದ ಕ್ಲ್ಯಾಂಪು ಬಿಚ್ಚಿ, ಕಾಯುವ ಹಗ್ಗದ ಮೇಲೆ ಜೋಲಿಯಲ್ಲಿ ಕುಳಿತ ಹಾಗೆ ಕುಳಿತೆ. ಕೆಳಗೆ ಲಾರಿಗಳ ನೆತ್ತಿ ಕಾಣುತ್ತಿತ್ತು. ಹಫೀಜನ ನೆತ್ತಿಯಲ್ಲಿ ಕೂದಲು ಉದುರಿದ್ದೂ ಕಾಣುತ್ತಿತ್ತು. ನನಗೆ ಆನಂದ ತಡೆಯಲಾಗಲಿಲ್ಲ.

"ಹಫೀಜಣ್ಣಾ, ಜಗ್ಗಿ ಛಲೋ ಐತ್ ಬಿಡ್ರೀ!" ಎಂದು ಕೂಗಿದೆ.

ಹಫೀಜ ಮೊದಲು ಜಗ್ಗಿದ. ನನ್ನ ಹೆಲ್ಮೆಟ್ಟು ತೊಲೆಗೆ ಠಣ್ ಎಂದು ಬಡಿಯಿತು. ಆಮೇಲೆ ಬಿಟ್ಟ. ನಾನು ಸರ್ರನೆ ಬಂದು ಹಳೆಯ ಟಯರುಗಳ ರಾಶಿಯೊಳಗೆ ಕುಳಿತೆ. ಕಾಲು ಮೇಲೆ, ತಲೆ ಮೇಲೆ, ಉಳಿದದ್ದೆಲ್ಲ ಟಯರಿನ ಒಳಗೆ.

"ಬಿಟ್ಟ ಬಿಟ್ರಲ್ರೀ ನನ್ನ!"

"ನೀವ ಬಿಡ್ರಿ ಅಂದ್ರಿ, ಅಕ್ಕಾರ."

"ಹಗ್ಗಾ ಬಿಡ್ರಿ ಅಂದೆನೇನು? ಛಲೋ ಐತ್ ಬಿಡ್ರಿ ಅಂದೆ!"

"ಅದಕ್ಕೂ ಮೊದಲ ಜಗ್ರಿ ಅಂದ್ರಿ?"

"ಜಗ್ಗಿ ಅಂದೆ, ಜಗ್ಗಿ! ಭಾಳ ಅಂತ!"

ಹಫೀಜ ಹಗ್ಗ ಹಿಡಿದುಕೊಂಡೇ ಅಳುಮೋರೆ ಮಾಡಿದ. ಫಿರದೋಸ ಮಾತ್ರ ಲಾರಿಯ ಬಂಪರಿಗೆ ಆತುಕೊಂಡು, ಹೊಟ್ಟೆ ಹಿಡಿದು, ಕಣ್ಣೀರು ಬರುವ ತನಕ ನಕ್ಕಳು.

ತಪ್ಪು ಹಫೀಜನದಲ್ಲ. ಗ್ಯಾರೇಜಿನಲ್ಲಿ ನಾವು ಕಲಿಯುತ್ತಿದ್ದದ್ದು ಗವಿ ಇಳಿಯುವುದನ್ನು, ಗವಿಯ ಒಳಗೆ ಉದ್ದ ಮಾತು ನಡೆಯುವುದಿಲ್ಲ. ಕತ್ತಲಲ್ಲಿ, ಪ್ರತಿಧ್ವನಿಯಲ್ಲಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ನಮ್ಮ ಗವಿ ಗುಂಪಿಗೆ ಮೂರೇ ಆಜ್ಞೆ. ಜಗ್ರಿ ಎಂದರೆ ಹಗ್ಗ ಎಳೆದು ಬಿಗಿ ಮಾಡಿ. ಬಿಡ್ರಿ ಎಂದರೆ ಸಡಿಲ ಬಿಡಿ. ನಿಲ್ರಿ ಎಂದರೆ ಇದ್ದಲ್ಲೇ ಗಟ್ಟಿಯಾಗಿ ಹಿಡಿದು ನಿಲ್ಲಿ. ಕೇಳಿದವನು ವಿಚಾರ ಮಾಡುತ್ತ ನಿಲ್ಲಬಾರದು, ಕೈ ಮಾಡಬೇಕು. ಹಫೀಜ ಫಿರದೋಸಳ ಚಿಕ್ಕಪ್ಪನ ಮಗ, ಅದೇ ಗ್ಯಾರೇಜಿನಲ್ಲಿ ಫಿಟ್ಟರು, ಹೇಳಿದ್ದನ್ನು ಹೇಳಿದ ಕೂಡಲೇ ಮಾಡುವ ಬಂಗಾರದಂಥ ಮನುಷ್ಯ. ನನ್ನ ಮಟ್ಟಿಗೆ ಅದೇ ಗಂಡಾಂತರವಾಯಿತು.

ಏಕೆಂದರೆ ಬಿಡ್ರಿ ಇಲ್ಲದೆ ನನ್ನ ವಾಕ್ಯ ಮುಗಿಯುವುದಿಲ್ಲ. ಊಟ ಆತ್ ಬಿಡ್ರಿ. ಮಳಿ ಬರ್ತೈತಿ ಬಿಡ್ರಿ. ಮದುವಿ ಛಂದ ಆತ್ ಬಿಡ್ರಿ. ಪಾಪ, ಹೋಗೇಬಿಟ್ರಂತ ಬಿಡ್ರಿ. ಇದಕ್ಕೆ ಅರ್ಥ ಏನು ಎಂದು ಕೇಳಿದರೆ ಏನೂ ಇಲ್ಲ. ಲಕೋಟೆಗೆ ಅಂಟು ಹಚ್ಚಿದ ಹಾಗೆ, ಮಾತು ಮುಗಿಯಿತು ಎಂದು ಮುಚ್ಚುವುದಷ್ಟೇ. ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲರೂ ಹೀಗೇ ಮಾತಾಡುತ್ತಾರೆ, ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಅದು ಬೇರೆ ಮಾತು ಬಿಡಿ. ನೋಡಿದಿರಾ, ಬರೆಯುವಾಗಲೂ ಬಂತು!

ನಾನು ಉಮಾಶ್ರೀ. ಮನೆ ಉಣಕಲ್ಲಿನಲ್ಲಿ. ಯಜಮಾನರು ಶಿವಯೋಗೀಶ, ಹತ್ತಿ ವ್ಯಾಪಾರ. ಮನೆಯಿಂದ ಎಲ್ಲಿಗೇ ಹೊರಟರೂ ಕೊನೆಗೆ ಹೊರಬೀಳುವವಳು ನಾನೇ. ಗ್ಯಾಸು ಆರಿಸು, ನಲ್ಲಿ ನೋಡು, ಹಿತ್ತಲ ಬಾಗಿಲು ಹಾಕು, ಕೀಲಿ ಜಗ್ಗಿ ನೋಡು. ಅಷ್ಟರಲ್ಲಿ ಎಲ್ಲರೂ ಗಾಡಿಯಲ್ಲಿ ಕುಳಿತು ಹಾರ್ನು ಹೊಡೆಯುತ್ತಿರುತ್ತಾರೆ. ನನಗೆ ಹಿಂದಿನ ಸೀಟು, ಬುತ್ತಿ ಗಂಟಿನ ಪಕ್ಕ. ಹೀಗೆ ಹಿಂದೆ ಕುಳಿತು ಕುಳಿತು ನನಗೊಂದು ಹುಚ್ಚು ಆಸೆ ಹುಟ್ಟಿತ್ತು: ಒಂದು ಸಲವಾದರೂ ನಾನು ಮುಂದೆ ಹೋಗಬೇಕು, ಮಂದಿ ನನ್ನ ಹಿಂದೆ ಬರಬೇಕು. ಎಲ್ಲಿಗಾದರೂ ಸರಿ, ಪಾತಾಳಕ್ಕಾದರೂ ಸರಿ.

ಪಾತಾಳವೇ ಸಿಕ್ಕಿತು. ನಮ್ಮ ಎದುರುಮನೆಯ ಮಹೆಕ, ಕಾಲೇಜಿಗೆ ಹೋಗುವ ಚುರುಕು ಹುಡುಗಿ, ಒಂದು ದಿನ ಮೈತುಂಬ ಮಣ್ಣು ಮೆತ್ತಿಕೊಂಡು ಹಲ್ಲು ಕಿರಿಯುತ್ತ ಬಂದಳು. ಫಿರದೋಸ ಮೇಡಂ ಮೇಘಾಲಯಕ್ಕೆ ಹೋಗಿ ಗವಿ ಇಳಿಯುವುದನ್ನು ಕಲಿತು ಬಂದಿದ್ದಾರೆ, ಗುಂಪು ಕಟ್ಟಿದ್ದಾರೆ, ಯಾರು ಬೇಕಾದರೂ ಬರಬಹುದು ಎಂದಳು. ಮುಂದಿನ ಭಾನುವಾರವೇ ನಾನು ಯಜಮಾನರ ಟ್ರ್ಯಾಕ್ ಪ್ಯಾಂಟು ಏರಿಸಿಕೊಂಡು ಗಬ್ಬೂರಿನಲ್ಲಿ ನಿಂತಿದ್ದೆ.

ಮೊದಲ ಪಾಠ ಲಾರಿಯ ಹೊಟ್ಟೆಯಡಿ. ಸಾಲಾಗಿ ನಿಂತ ಲಾರಿಗಳ ಕೆಳಗೆ ಈ ಕಡೆಯಿಂದ ಆ ಕಡೆಗೆ ತೆವಳಬೇಕು.

"ಮೊಣಕೈ ಮುಂದ, ನಡಾ ಕೆಳಗ!" ಎಂದು ಫಿರದೋಸ ಆಚೆ ಬದಿಯಿಂದ ಕೂಗಿದಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಆದರೆ ಗುರು. ಹಾಗಾಗಿ ನಾನು ಅವಳನ್ನು ಮಾತಾಡಿಸುವುದು ಬಹುವಚನದಲ್ಲೇ.

"ನಡಾ ಎಲ್ಲೈತ್ರಿ ಮೇಡಮ್ಮಾರ! ಮದುವಿ ದಿನಾ ಕಂಡಿದ್ದು, ಆಮ್ಯಾಲ ಸಿಕ್ಕs ಇಲ್ ಬಿಡ್ರಿ!"

ಶಾಬುದ್ದೀನ ಕಾಕಾನ ಕೈಯಿಂದ ನಟ್ಟು ಬಿಚ್ಚುವ ಪಾನಾ ಠಣಾರನೆ ಬಿತ್ತು. ಮನೆಗೆ ಬಂದವರ ಎದುರು ನಗಬಾರದೆಂದು ಕಾಕಾ ಗೋಡೆಯ ಕಡೆ ತಿರುಗಿ ನಿಂತ, ಬೆನ್ನು ಮಾತ್ರ ಗಡಗಡ ನಡುಗುತ್ತಿತ್ತು. ಅದನ್ನು ನೋಡಿ ನನಗೂ ನಗು ಬಂತು, ಹೊಟ್ಟೆ ಉಬ್ಬಿತು, ಲಾರಿಯ ಆಕ್ಸಲಿನಡಿ ಸಿಕ್ಕಿಕೊಂಡೇ ಬಿಟ್ಟೆ. ಮುಂದೆ ಇಲ್ಲ, ಹಿಂದೆ ಇಲ್ಲ, ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿದೆ. ಹೆದರಿ ಉಸಿರು ಬಿಗಿಹಿಡಿದೆ.

ಫಿರದೋಸ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಮಲಗಿದಳು. "ಅಕ್ಕಾರ, ಏನೂ ಮಾಡಬ್ಯಾಡ್ರಿ. ಬರೇ ಉಸರ ಬಿಡ್ರಿ. ಪೂರಾ."

ಬಿಟ್ಟೆ. ಎದೆ ಇಳಿಯಿತು. ಜಾರಿ ಹೊರಗೆ ಬಂದೆ. ಹೆದರಿಕೆಯಾದಾಗ ಉಸಿರು ಹಿಡಿದರೆ ಮನುಷ್ಯ ದಪ್ಪಗಾಗುತ್ತಾನೆ ಎಂದು ಆವತ್ತು ಗೊತ್ತಾಯಿತು.

ಆಮೇಲೆ ಸಣ್ಣಪುಟ್ಟ ಗವಿಗಳು. ತಲೆಯ ಮೇಲೆ ಒಂದು ದೀಪ ಇದ್ದರೆ ಚೀಲದಲ್ಲಿ ಇನ್ನೆರಡು ಇರಬೇಕು. ಒಂದು ಕೈ ಎತ್ತಿದರೆ ಉಳಿದ ಕೈಕಾಲು ಬಂಡೆಯ ಮೇಲೆ ಗಟ್ಟಿ ಇರಬೇಕು. ಸೂರಿನಿಂದ ಹನಿಹನಿಯಾಗಿ ಬೆಳೆದ ಕಲ್ಲನ್ನು ಮುಟ್ಟಬಾರದು, ಬಾವಲಿಗಳ ನಿದ್ದೆ ಕೆಡಿಸಬಾರದು. ಈ ಕೊನೆಯದು ನನಗೆ ಬಹಳ ಕಷ್ಟವಾಯಿತು, ಏಕೆಂದರೆ ಬಾಯಿ ಮುಚ್ಚಬೇಕು. ಹಗ್ಗದ ಪಾಠ ಬಂದಾಗ ಎಂಟರ ಗಂಟು ಕಲಿತೆ. ಹಗ್ಗವನ್ನು ಎಂಟರ ಆಕಾರಕ್ಕೆ ಹೆಣೆಯುವುದು, ಎಷ್ಟು ಜಗ್ಗಿದರೂ ಬಿಚ್ಚದು. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಹಾಕಿದೆ, ಅತ್ತೆಯ ಜಪಮಣಿ ಚೀಲಕ್ಕೆ ಹಾಕಿದೆ, ಯಜಮಾನರ ಪೈಜಾಮದ ಲಾಡಿಗೂ ಹಾಕಿದೆ. ಅವರು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕುಣಿಯುತ್ತ ನನ್ನ ಹೆಸರು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಅತ್ತೆ ದಾನವ್ವನವರು ಹಾರ್ನೆಸ್ಸನ್ನು, ಅಂದರೆ ಸೊಂಟಕ್ಕೂ ತೊಡೆಗೂ ಬಿಗಿಯುವ ಆ ಪಟ್ಟಿಯನ್ನು, ಎತ್ತಿ ಹಿಡಿದು ತಿರುಗಿಸಿ ನೋಡಿದರು.

"ಏನವಾ ಉಮಾ, ನಾವು ಹಾಕಿದ ಬಂಗಾರದ ಡಾಬು ಬಿಟ್ಟು ಇದನ್ನ ಕಟಗೊಂಡು ತಿರಗಾಕತ್ತೀಯಲಾ?"

"ಆ ಡಾಬಿನ ಮ್ಯಾಲೆ ಜೋತು ಬೀಳಾಕ ಬರಂಗಿಲ್ಲ ಬಿಡ್ರಿ, ಅತ್ತಿ."

"ಅದೂ ಖರೇ ಬಿಡು," ಎಂದು ಅವರು ಅದನ್ನು ತಮ್ಮ ಸೊಂಟಕ್ಕೇ ಹಿಡಿದು ಅಳತೆ ನೋಡಿಕೊಂಡರು.

ಅಲ್ಲಿಗೆ ಓಣಿಯ ಹೆಂಗಸರಿಗೆಲ್ಲ ಗವಿಯ ಹುಚ್ಚು ಹಿಡಿಯಿತು. ಮಳೆಗಾಲ ಮುಗಿದ ಮೇಲೆ ಲೇಡೀಸ್ ಬ್ಯಾಚು ಶುರು ಮಾಡೋಣ ಎಂದಳು ಫಿರದೋಸ. ಅದನ್ನು ನಡೆಸಲು ಒಬ್ಬ ಲೀಡರ್ ಬೇಕು. ನಾನು ಇಲ್ಲವೆ ಉದಯಕುಮಾರ. ಈ ಉದಯಕುಮಾರ ಕೊರಳಲ್ಲಿ ಸೀಟಿ ಹಾಕಿಕೊಂಡು ತಿರುಗುವ ಆಸಾಮಿ, ಒಬ್ಬರ ಚೀಲ ಎತ್ತಿಕೊಟ್ಟದ್ದನ್ನು ನಾನು ಕಂಡಿಲ್ಲ.

"ಅಕ್ಕಾರ, ನೀವು ಬುತ್ತಿ ಲೀಡರ್ ಆಗ್ರಿ. ಗವಿ ನಾ ನೋಡ್ಕೋತೇನಿ," ಎಂದು ಅವನು ಎಲ್ಲರ ಎದುರು ಹೇಳಿದ.

ಮೈಯೆಲ್ಲ ಉರಿದುಹೋಯಿತು. ಮತ್ತೆ ಬುತ್ತಿ ಗಂಟಿನ ಪಕ್ಕ! ಆಗಿಂದಾಗ ಫಿರದೋಸಳಿಗೆ ಹೇಳಿದೆ, ನನ್ನ ಪರೀಕ್ಷೆ ತಗೊಳ್ರಿ ಎಂದು.

"ತಗೋತೇನಿ. ಗಂಟು, ಇಳಿಯೂದು, ಏರೂದು ನಿಮಗ ಬರ್ತಾವ. ಆದ್ರ ಒಂದು ಬಿಡ್ರಿ ಬಾಯಿ ತಪ್ಪಿ ಬಂದ್ರೂ ಫೇಲ್."

"ಬ್ಯಾರೆ ಮಾತು ಇಡೂಣಲಾ ಅದಕ್ಕ?"

"ಎಲ್ಲಾರೂ ಇದನ್ನ ಕಲತಾರ್ರೀ. ನಿಮ್ಮೊಬ್ಬರ ಬಾಯಿ ಸಲುವಾಗಿ ಎಲ್ಲಾರ ಕಿವಿ ಬದಲಿ ಮಾಡೂದೇನು?"

ಮನೆಯಲ್ಲಿ ಸಾಧನೆ ಶುರುವಾಯಿತು. ಯಜಮಾನರು ಒಂದು ಉಪಾಯ ಹೂಡಿದರು: ನಾನು ಬಿಡ್ರಿ ಅಂದಾಗಲೆಲ್ಲ ಅವರು ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುವುದು. ಪೇಪರು ಬಿಟ್ಟರು, ರೊಟ್ಟಿ ಬಿಟ್ಟರು, ಝುಣಕದ ಬಟ್ಟಲು ಬಿಟ್ಟರು. "ಅಯ್ಯ, ಸಾಕ್ ಬಿಡ್ರಿ" ಎಂದೆ, ತಮ್ಮ ಹೊಸ ಫೋನನ್ನೇ ಬಿಟ್ಟರು. ಅದಾದ ಮೇಲೆ ಹಣೆ ಬಡಿದುಕೊಂಡು ಅವರೇ ಉಪಾಯವನ್ನು ಬಿಟ್ಟರು. ನನಗೆ ಉಳಿದದ್ದು ಒಂದೇ ದಾರಿ, ಮಾತನ್ನೇ ಕತ್ತರಿಸುವುದು. "ಊಟ. ಬರ್ರಿ. ಆರತೈತಿ." ಇಷ್ಟೇ. ಮನೆ ಭಣಭಣ ಎನ್ನತೊಡಗಿತು. ಪಕ್ಕದ ಮನೆಯವರು ಬಂದು, "ಉಮಾಗ ಆರಾಮ ಇಲ್ಲೇನ್ರಿ?" ಎಂದು ಅತ್ತೆಯನ್ನು ಕೇಳಿದರು.

ಪರೀಕ್ಷೆಗೆ ಹೋದದ್ದು ಹಳಿಯಾಳ ದಾಟಿ ಕಾಡಿನೊಳಗಿನ ಕೊಡಗವಿಗೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ನೀರು ತರುವ ಕೊಡದ ಹಾಗೆ. ಆ ಹೆಸರು ನಾವೇ ಇಟ್ಟದ್ದು. ಮಹೆಕ, ಹಫೀಜ, ಫಿರದೋಸ, ಜೊತೆಗೆ ವಿಶಾಲ. ವಿಶಾಲ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಹೆಸರಿಗೆ ತಕ್ಕ ದೇಹ, ಗುಂಪಿಗೆ ಹೊಸಬ. ಗ್ಯಾರೇಜಿನ ತೊಲೆಯಿಂದ ಚೆನ್ನಾಗಿ ಇಳಿದಿದ್ದ, ಗವಿಯ ಒಳಗೆ ಇದು ಮೊದಲ ಸಲ.

"ಇನ್ನ ನಾ ಇಲ್ಲ ಅಂತ ತಿಳಕೊಳ್ರಿ," ಎಂದ ಫಿರದೋಸ ಸಾಲಿನ ಕೊನೆಗೆ ಹೋಗಿ ನಿಂತಳು.

ನಾನು ಮುಂದೆ! ಅಯ್ಯೋ, ಆ ಸುಖ ಹೇಗೆ ಹೇಳಲಿ? ಎದುರು ಕತ್ತಲು ಬಿಟ್ಟರೆ ಏನೂ ಇಲ್ಲ. ಯಾರ ಬೆನ್ನೂ ಇಲ್ಲ, ಯಾರ ಹಾರ್ನೂ ಇಲ್ಲ. ಪ್ರತಿ ತಿರುವಿನಲ್ಲೂ ನಿಂತು ಹಿಂದೆ ನೋಡಿದರೆ ಸಾಲಾಗಿ ತಲೆದೀಪಗಳು ನನ್ನ ಹಿಂದೆ ಬರುತ್ತಿವೆ. ಇಕ್ಕಟ್ಟು ಬಂತು, ಉಸಿರು ಬಿಟ್ಟು ಜಾರಿದೆ. ಹಾಡಬೇಕು ಅನ್ನಿಸಿತು, ಕುಣಿಯಬೇಕು ಅನ್ನಿಸಿತು. ಹಲ್ಲು ಕಚ್ಚಿ "ಬರ್ರಿ" ಎಂದಷ್ಟೇ ಹೇಳಿದೆ.

ಕೊಡದ ಕಂಠದಂಥ ಅಂಚಿಗೆ ಬಂದೆವು. ಅಲ್ಲಿಂದ ಹಗ್ಗದಲ್ಲೇ ಇಳಿಯಬೇಕು. ಹಗ್ಗ ಕಟ್ಟಲು ಬಂಡೆಗೆ ಬಡಿದ ಬೋಲ್ಟು ನೋಡಿದೆ, ಗಂಟು ನೋಡಿದೆ, ಪ್ರತಿಯೊಬ್ಬರ ಕೊಕ್ಕೆಯನ್ನೂ ಕೈಯಿಂದ ಜಗ್ಗಿ ನೋಡಿದೆ. ಇಷ್ಟು ವರ್ಷ ಮನೆಯ ಕೀಲಿ ಜಗ್ಗಿದ ಕೈ ಅದು, ಚೆನ್ನಾಗಿ ಬಲ್ಲದು. ಹಫೀಜ ಕಾಯುವ ಹಗ್ಗ ಹಿಡಿದು ಕುಳಿತ. ಮಹೆಕ ಅಳಿಲಿನ ಹಾಗೆ ಇಳಿದುಹೋದಳು.

ಆಮೇಲೆ ವಿಶಾಲ. ಅಂಚು ದಾಟಿ ಆಳೆತ್ತರ ಇಳಿದ, ಅಷ್ಟರಲ್ಲಿ ಕೆಳಗೆ ನೋಡಿಬಿಟ್ಟ. ಬಂಡೆಯ ಒಂದು ಮೂಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ತಬ್ಬಿ, ಕಣ್ಣು ಮುಚ್ಚಿದ.

"ವಿಶಾಲ. ಕೈ ತಗೀರಿ. ಹಗ್ಗದ ಮ್ಯಾಲೆ ಕೂಡ್ರಿ," ಎಂದೆ, ಸಾಧನೆ ಮಾಡಿದ ಹಾಗೆ ಕತ್ತರಿಸಿ.

ಅವನು ಇನ್ನೂ ಬಿಗಿಯಾಗಿ ತಬ್ಬಿದ.

"ಹೆದರಬ್ಯಾಡ್ರಿ. ಕೈ ತಗೀರಿ."

"ಅಕ್ಕಾರ," ಎಂದ, ಹಲ್ಲು ಕಟಕಟಿಸುತ್ತಿತ್ತು. "ನೀವು ಹಿಂಗ್ಯಾಕ ಮಾತಾಡಾಕತ್ತೀರಿ? ಏನರ ಆಗೇತೇನ್ರಿ? ಹಗ್ಗಾ ಹರಿಯಾಕತ್ತೈತೇನು?"

"ಇಲ್ಲ. ಹಗ್ಗ ಗಟ್ಟಿ ಐತಿ."

"ಇಲ್ರೀ! ಏನೋ ಆಗೇತಿ! ನೀವು ಹಿಂಗ ಮಾತಾಡೂವರs ಅಲ್ಲ! ನನ್ನ ಕಡಿಂದ ಮುಚ್ಚಿಡಾಕತ್ತೀರಿ!"

ನನಗೆ ಸಿಡಿಲು ಬಡಿದ ಹಾಗಾಯಿತು. ಬಂಡೆಗಲ್ಲ, ಆಳಕ್ಕಲ್ಲ, ಅವನು ಹೆದರಿದ್ದು ನನ್ನ ಗಂಭೀರ ದನಿಗೆ. ಬಿಡ್ರಿ ಅನ್ನದ ಉಮಕ್ಕನನ್ನು ಅವನು ಕಂಡೇ ಇರಲಿಲ್ಲ. ಯಾರೋ ಸತ್ತ ಮನೆಯಲ್ಲಿ ಮಾತಾಡುವ ಹಾಗೆ ಕೇಳಿಸಿರಬೇಕು. ಅವನ ತೋಳು ನಡುಗುತ್ತಿತ್ತು, ಹೆಚ್ಚು ಹೊತ್ತು ಹಾಗೆ ಇರಲು ಆಗುವುದಿಲ್ಲ. ಹಿಂದೆ ನೋಡಿದೆ. ಫಿರದೋಸ ದೀಪ ತಗ್ಗಿಸಿ ಸುಮ್ಮನೆ ಕುಳಿತಿದ್ದಳು. ಬಾಯಿ ತೆರೆದರೆ ಫೇಲು, ಲೇಡೀಸ್ ಬ್ಯಾಚು ಸೀಟಿ ಉದಯಕುಮಾರನ ಪಾಲು. ಆದರೆ ಅಲ್ಲಿ ಒಬ್ಬ ಮನುಷ್ಯ ಜೋತಾಡುತ್ತಿದ್ದಾನೆ. ಹಾಳಾಗಿ ಹೋಗಲಿ ಪರೀಕ್ಷೆ ಎಂದುಕೊಂಡೆ.

"ಹಫೀಜಣ್ಣಾ, ನಿಲ್ರಿ!" ಎಂದೆ. "ಗಟ್ಟಿ ಹಿಡೀರಿ. ಇನ್ನ ನಿಮ್ಮ ಹೆಸರು ತಗೊಂಡು ಹೇಳೂತನಕ, ನಾ ಬಿಡ್ರಿ ಅಂದ್ರ ಬಿಡಬ್ಯಾಡ್ರಿ!"

"ಆತ್ರಿ ಅಕ್ಕಾರ!"

ಅಂಚಿನ ಬೋಲ್ಟಿಗೆ ನನ್ನ ಕೊಕ್ಕೆ ಹಾಕಿ, ಹೊಟ್ಟೆಯ ಮೇಲೆ ಮಲಗಿ, ವಿಶಾಲನ ಹೆಲ್ಮೆಟ್ಟಿನ ಹತ್ತಿರ ಮುಖ ತಂದೆ. ತಿಂಗಳುಗಟ್ಟಲೆ ಕಟ್ಟಿಟ್ಟ ಮಾತು ಬಾಗಿಲು ಒಡೆದು ಬಂತು.

"ಅಯ್ಯ ತಮ್ಮಾ, ಹಗ್ಗಾ ಹರಿಯಾಕ ಇದೇನು ನಮ್ಮನಿಯವರ ಲಾಡಿ ಏನ್ ಬಿಡ್ರಿ! ಲಾರಿ ಎತ್ತೂವಂಥಾದೈತಿ! ನೀವರ ಇಷ್ಟರs ಅದೀರಿ, ನಾ ಟಯರಿನ್ಯಾಗ ಸಿಕ್ಕಾಗ ನನ್ನ ತಗಿಯಾಕ ಕಾಕಾ ಜ್ಯಾಕು ತರ್ತೇನಿ ಅಂದಿದ್ರು ಬಿಡ್ರಿ! ಆ ಬಂಡಿನ ಯಾಕ ಹಂಗ ಅಪ್ಪಿಕೊಂಡೀರಿ, ಮದುವಿ ಆಗೂ ಹುಡುಗರು, ಯಾರರ ನೋಡಿದ್ರ ಏನಂದಾರು ಬಿಡ್ರಿ!"

ವಿಶಾಲನ ಮೂಗಿನಿಂದ ಫುಸ್ ಎಂದು ಏನೋ ಸದ್ದು ಬಂತು. ಕೆಳಗಿನಿಂದ ಮಹೆಕ ಕಿಲಕಿಲ ನಕ್ಕದ್ದು ಗವಿಯ ತುಂಬ ಸುತ್ತಾಡಿತು.

"ಆಂಟೀ, ನಾ ನೋಡಾಕತ್ತೇನಿ!" ಎಂದಳು ಅವಳು.

"ನೋಡ್ರಿ, ಸಾಕ್ಷಿನೂ ಸಿಕ್ತು ಬಿಡ್ರಿ! ಈಗ ಒಂದು ಕೆಲಸ ಮಾಡ್ರಿ. ಉಸರ ಬಿಡ್ರಿ. ಪೂರಾ ಬಿಡ್ರಿ. ಹಾಂ. ಇನ್ನ ಆ ಬಂಡಿ ಬಿಡ್ರಿ, ಅದೇನು ಓಡಿ ಹೋಗಂಗಿಲ್ ಬಿಡ್ರಿ!"

ವಿಶಾಲ ನಕ್ಕ. ನಗುತ್ತ ಉಸಿರು ಬಿಟ್ಟ, ಉಸಿರು ಬಿಡುತ್ತ ಬಂಡೆ ಬಿಟ್ಟ, ಹಗ್ಗದ ಮೇಲೆ ಕುಳಿತ. ಹಗ್ಗ ಗಟ್ಟಿಯಾಗಿ ನಿಂತಿತು. ಅಷ್ಟು ಬಿಡ್ರಿಗಳ ಮಳೆಯಲ್ಲಿ ಹಫೀಜ ಒಂದು ಬೆರಳೂ ಸಡಿಲಿಸಿರಲಿಲ್ಲ, ಹಣೆಯ ಮೇಲೆ ಮಾತ್ರ ಬೆವರು ಸುರಿಯುತ್ತಿತ್ತು.

"ಹಫೀಜಣ್ಣಾ, ಬಿಡ್ರಿ," ಎಂದೆ. ಅವನು ಮೆಲ್ಲಗೆ ಬಿಟ್ಟ, ವಿಶಾಲ ಕೈಯಲ್ಲಿ ಹಗ್ಗ ಜಾರಿಸುತ್ತ, ಇನ್ನೂ ನಗುತ್ತ, ಕತ್ತಲೊಳಗೆ ಇಳಿದುಹೋದ.

ಹಫೀಜ ಮೇಲೆಯೇ ಹಗ್ಗ ಕಾಯುತ್ತ ಉಳಿದ; ನಾನೂ ಫಿರದೋಸಳೂ ಇಳಿದ ಮೇಲೆ ಕೊಡದ ಹೊಟ್ಟೆಯೊಳಗೆ ನಾವು ಒಂದು ಸಲ ಎಲ್ಲ ದೀಪ ಆರಿಸಿದೆವು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎಲ್ಲೋ ಒಂದು ಹನಿ ಟಪ್ ಎಂದಿತು. ವಿಶಾಲ ಆ ಕತ್ತಲಲ್ಲಿ, "ಜಗ್ಗಿ ಛಲೋ ಐತ್ ಬಿಡ್ರಿ" ಎಂದು ಪಿಸುಗುಟ್ಟಿದ, ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ. ದೀಪ ಇಲ್ಲದ್ದು ಒಳ್ಳೆಯದಾಯಿತು, ನನ್ನ ಕಣ್ಣಲ್ಲಿ ನೀರು ಬಂದಿತ್ತು. ಫೇಲಾದ ದುಃಖ ಸುಳ್ಳಲ್ಲ, ಅಷ್ಟು ಸುಖವಾಗಿದ್ದದ್ದೂ ಸುಳ್ಳಲ್ಲ.

ಏರುವಾಗ ನಾನು ಮೊದಲು ಬಂದು ಹಫೀಜನಿಂದ ಕಾಯುವ ಹಗ್ಗ ತೆಗೆದುಕೊಂಡೆ; ಅವನು ನನ್ನ ಹಿಂದೆ ಅದರ ಬಾಲ ಹಿಡಿದು ಕುಳಿತ. ಮಹೆಕ ಬಂದಳು, ವಿಶಾಲ ಬಂದ. ಕೊನೆಗೆ ಫಿರದೋಸ. ಅಂಚಿನಡಿಗೆ ಬಂದು ಅವಳು ಅಂಚು ದಾಟಲೆಂದು ಏರುವ ಕ್ಲ್ಯಾಂಪು ಬಿಚ್ಚಿದಳು, ಅವಳ ಭಾರವೆಲ್ಲ ನನ್ನ ಕೈಯ ಹಗ್ಗದ ಮೇಲೆ ಬಂತು. ಬೋಲ್ಟಿಗೆ ಬೇರೆ ಕೊಕ್ಕೆ ಹಾಕಿಕೊಂಡೇ ಇದ್ದಳು, ಬಿದ್ದರೂ ಒಂದು ಮೊಳ. ಆದರೆ ಬಂಡೆಗೆ ಬಡಿದು ಮೊಣಕಾಲು ಕಿತ್ತುಹೋಗುತ್ತಿತ್ತು.

"ಮೇಡಮ್ಮಾರ," ಎಂದೆ, ತಡೆಯಲಾಗದೆ. "ನಾ ಫೇಲ್ ಅಲ್ರಿ?"

"ಯಾಕ?"

"ಹಂಗೆಲ್ಲಾ ಅಂದೆನಲ್ರಿ."

"ಬಾಯಿ ತಪ್ಪಿ ಬರಬಾರದು ಅಂದಿದ್ದೆ. ಇವತ್ತ ಒಂದರ ಬಾಯಿ ತಪ್ಪಿ ಬಂತೇನ್ರಿ?" ಅವಳ ಮುಖದ ತುಂಬ ಮಣ್ಣು, ಹಲ್ಲು ಮಾತ್ರ ಬೆಳ್ಳಗೆ ಹೊಳೆಯಿತು. ತನ್ನ ಬಾಯಿಯನ್ನು ಇಷ್ಟು ದಿನ ಬಿಗಿಯಾಗಿ ಕಟ್ಟಿಕೊಂಡಿದ್ದ ನನ್ನ ಗುರು, ಹಗ್ಗದ ಮೇಲೆ ಜೋತುಕೊಂಡೇ ಕೂಗಿದಳು: "ಉಮಕ್ಕಾ, ಲೇಡೀಸ್ ಬ್ಯಾಚ್ ನಿಮ್ಮದs ಆತ್ ಬಿಡ್ರೀ!"

ಹಿಂದೆ ಹಫೀಜನ ಕೈಯಲ್ಲಿ ಹಗ್ಗ ತಟ್ಟನೆ ಸಡಿಲಾಯಿತು. ಆಜ್ಞೆ ಸರಿಯಾಗಿಯೇ ಇತ್ತು; ಹಗ್ಗ ಹಿಡಿದವಳ, ಅಂದರೆ ನನ್ನ, ಹೆಸರು ಹಿಡಿದು ಹೇಳಿದ್ದಳು, ನಾನೇ ಮಾಡಿದ ನಿಯಮ. ಆದರೆ ಹುಟ್ಟಿದಾಗಿನಿಂದ ಬಿಡ್ರಿ ಅಂದುಕೊಂಡೇ ಬಂದವಳು ನಾನು. ಯಾವ ಬಿಡ್ರಿ ಬಿಡುವುದಕ್ಕೆ, ಯಾವುದು ಬಿಡದೇ ಇರುವುದಕ್ಕೆ ಎಂದು ನನ್ನ ಕೈಗೆ ಗೊತ್ತಿತ್ತು. ನಾನು ಬಿಡಲಿಲ್ಲ.

ತಾನು ಅಂದದ್ದು ಏನು ಎಂದು ಆಗ ಹೊಳೆದು ಫಿರದೋಸ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳಿಗೆ ನಗು ಬಂದು ಹಗ್ಗವೆಲ್ಲ ಅಲುಗಾಡತೊಡಗಿತು.

"ಈಗರ ಜಗ್ರೀ, ಲೀಡರ್!" ಎಂದಳು.

"ಜಗ್ಗಿ ಖುಷಿ ಆತ್ ಬಿಡ್ರಿ, ಮೇಡಮ್ಮಾರ," ಎಂದೆ, ಜಗ್ಗಿದೆ.